ಭಾವನ ಸೊಟ್ಟ ಸ್ಪೀಕರ್

ನನ್ನ ಭಾವ, ಅಂದರೆ ಅಕ್ಕನ ಗಂಡ, ಲಿಫ್ಟ್ ಮೆಕ್ಯಾನಿಕ್. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತಿದ್ದೇನೆ. ಹೊಟ್ಟೆಯೊಳಗಿನ ಉರಿ ಅಡ್ಡ ಬಾರದಿದ್ದರೆ ಬರೆದು ಮುಗಿಸಿಯೇನು.

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ಪಾರ್ಸೆಲ್ ಕಂಪನಿಯೊಂದರ ದೂರು ವಿಭಾಗದಲ್ಲಿ ನನಗೆ ಕೆಲಸ. ಬೆಳಗ್ಗೆ ಒಂಬತ್ತಕ್ಕೆ ಕಿವಿಗೆ ಹೆಡ್‌ಫೋನ್ ಏರಿಸಿದರೆ ಸಂಜೆ ಆರರವರೆಗೆ ಕಂಡಕಂಡವರಿಂದ ಬೈಸಿಕೊಳ್ಳುವುದು, "ನಿಮ್ಮ ತೊಂದರೆ ಅರ್ಥ ಆಗುತ್ತೆ ಸರ್" ಎನ್ನುವುದು, ಮತ್ತೆ ಬೈಸಿಕೊಳ್ಳುವುದು. ಕಿವಿಯಿಂದಲೇ ಸಂಬಳ ಎಣಿಸುವವನಾದ್ದರಿಂದ, ಕೇಳುವ ವಿಷಯದಲ್ಲಿ ನಮ್ಮ ಕುಟುಂಬದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು.

ಭಾವನೋ, ಚಲಿಸುವ ಲಿಫ್ಟಿನಲ್ಲಿ ಕಣ್ಣು ಮುಚ್ಚಿ ನಿಂತು "ನಾಲ್ಕನೇ ಮಹಡಿ ಬಾಗಿಲಿನ ರೋಲರ್ ಸವೆದಿದೆ" ಎನ್ನುವ ಆಸಾಮಿ. ಹೋಗಿ ನೋಡಿದರೆ ಸವೆದೇ ಇರುತ್ತದೆ. ಮಾತು ಕಡಿಮೆ. ಯಾರ ಮದುವೆಗೆ ಬಂದರೂ ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್. ಮೂರು ಸಲ ಸೋಪು ಹಾಕಿ ತೊಳೆದರೂ ಉಗುರಂಚಿನ ಗ್ರೀಸು ಹೋಗುವುದಿಲ್ಲ. "ನಾನು ಮೂಗು ಏರಿಸಿದ್ರೂ ಇವ್ರು ಯಾವ ಬೇರಿಂಗ್ ಅಂತ ಕೇಳ್ತಾರೆ" ಎನ್ನುವುದು ಅಕ್ಕನ ದೂರು. ಆ ದೂರಿನಲ್ಲೂ ಒಂದು ಹೆಮ್ಮೆ ಇರುತ್ತದೆ. ಅದೂ ನನಗೆ ಆಗಿಬರುವುದಿಲ್ಲ.

ಇಷ್ಟಾದರೂ ಸಹಿಸಿಕೊಳ್ಳುತ್ತಿದ್ದೆ. ಆದರೆ ಅಪ್ಪ!

ಅಪ್ಪ ಇರುವುದು ನನ್ನ ಜೊತೆ. ಪ್ರತಿ ಭಾನುವಾರ ನಾಲ್ಕು ಗಂಟೆಗೆ ತಲೆ ಬಾಚಿಕೊಂಡು, ಎರಡು ಬೀದಿ ಆಚೆಗಿನ ಅಕ್ಕನ ಮನೆಗೆ ಹೊರಡುತ್ತಾರೆ. ಏಳಕ್ಕೆ ಗುನುಗಿಕೊಂಡು ವಾಪಸ್ಸು ಬರುತ್ತಾರೆ.

"ಅಳಿಯಂದ್ರ ಮನೇಲಿ ಕೊಳಲು ಎಷ್ಟು ಸ್ಪಷ್ಟ ಗೊತ್ತೇನೋ! ಊದೋನು ಉಸಿರು ಎಳ್ಕೊಳೋದೂ ಕೇಳುತ್ತೆ."

ನನ್ನ ಮನೆಯಲ್ಲಿ ನೀಲಿ ದೀಪ ಮಿನುಗುವ, ರಿಮೋಟ್ ಇರುವ ದೊಡ್ಡ ಸ್ಟೀರಿಯೋ ಇದೆ. ಅಪ್ಪನಿಗೆಂದೇ ತಂದದ್ದು. ಅದರ ಮುಂದೆ ಹತ್ತು ನಿಮಿಷ ಕೂತು, "ಚೆನ್ನಾಗಿದೆ ಕಣೋ" ಎಂದು ಪೇಪರ್ ಹಿಡಿದುಕೊಂಡು ಎದ್ದುಹೋಗುತ್ತಾರೆ. ನನಗೆ ಬೇಕಾಗಿದ್ದು ಹೆಚ್ಚೇನಲ್ಲ. ಒಂದೇ ಒಂದು ಭಾನುವಾರ ಅಪ್ಪ ನನ್ನ ಮನೆಯಲ್ಲೇ ಉಳಿದು, ಹಾಡು ಕೇಳಿ, ನನ್ನ ಕಡೆ ತಿರುಗಿ "ಆಹಾ" ಅನ್ನಬೇಕು.

ಅಕ್ಕನನ್ನು ನೋಡುವ ನೆಪ ಮಾಡಿಕೊಂಡು ಪತ್ತೇದಾರಿಕೆಗೆ ಹೋದೆ. ಭಾವನ ಹಜಾರದಲ್ಲಿ ಕಂಡದ್ದು ಮೂಲೆಯಲ್ಲಿ ಕಬ್ಬಿಣದ ಪೆಟ್ಟಿಗೆಯಂಥ ಒಂದು ಹಳೆಯ ಆಂಪ್ಲಿಫೈಯರ್, ಬಣ್ಣ ಹೋದ ಎರಡು ಸ್ಪೀಕರ್, ಪೆಟ್ಟಿಗೆಯ ತಲೆಯ ಮೇಲೆ ಅಂಗೈಯಗಲದ ಒಂದು ಡಬ್ಬಿ.

"ಇದೇನ್ ಭಾವ, ಸೋಪಿನ ಡಬ್ಬಿ?"

"ಹೆಡ್‌ಫೋನ್ ಆಂಪ್ಲಿಫೈಯರ್, ಆಫೀಸರ್ರೇ." ಭಾವ ನನ್ನನ್ನು ಕರೆಯುವುದೇ ಹಾಗೆ. "ಹೆಡ್‌ಫೋನಿಗೆ ಅಂತ ತಂದಿದ್ದು. ಈಗ ಪ್ರೀಆಂಪ್ ಕೆಲ್ಸ ಮಾಡ್ತಿದೆ."

"ಹಾಗಂದ್ರೆ?"

"ಕೆಳಗಿರೋ ದೊಡ್ಡದಕ್ಕೆ ಬರೀ ಬಲ. ಹಿಡಿತ ಇಲ್ಲ. ನೋಡಿ, ವಾಲ್ಯೂಮ್ ಗುಂಡೀನೇ ಇಲ್ಲ. ಮೊಬೈಲಿಂದ ಬರೋ ಹಾಡನ್ನ ಈ ಸಣ್ಣದು ಹದ ಮಾಡಿ, ಎಷ್ಟು ಬೇಕೋ ಅಷ್ಟು ಅದಕ್ಕೆ ದಾಟಿಸುತ್ತೆ."

"ನಮ್ಮನೇಲೂ ಹಾಗೇ ಕಣೋ," ಅಡುಗೆಮನೆಯಿಂದ ಅಕ್ಕನ ದನಿ. "ಬಲ ಇವ್ರದ್ದು, ಗುಂಡಿ ನಂದು."

ಒಂದು ಸಂಗತಿ ಮಾತ್ರ ನನಗೆ ಹಿತವೆನಿಸಿತು. ಎಡಗಡೆಯ ಸ್ಪೀಕರ್ ಗೋಡೆಗೆ ಸರಿಯಾಗಿ ನಿಂತಿದ್ದರೆ, ಬಲಗಡೆಯದು ಮೊಳದಷ್ಟು ಮುಂದಕ್ಕೆ ಬಂದು, ಅಪ್ಪ ಕೂರುವ ಕುರ್ಚಿಯತ್ತ ಸೊಟ್ಟಗೆ ತಿರುಗಿತ್ತು. ಆ ಕುರ್ಚಿಯೂ ಓರೆ. ಲಿಫ್ಟನ್ನು ಕೂದಲೆಳೆಯಷ್ಟೂ ವಾಲದಂತೆ ನಿಲ್ಲಿಸುವವರಿಗೆ ಎರಡು ಸ್ಪೀಕರ್ ಸಾಲಾಗಿ ಇಡಲು ಬರಲಿಲ್ಲವಲ್ಲ! ಆ ವಾರವೆಲ್ಲ ನನಗೆ ಅದೇ ಸಮಾಧಾನ.

ಅದೇ ಡಬ್ಬಿಯನ್ನು ನಾನೂ ತರಿಸಿದೆ. ಬಂದ ಭಾನುವಾರ, "ಅಪ್ಪ, ಇವತ್ತು ಅಲ್ಲಿಗೆ ಬೇಡ" ಎಂದು ತಡೆದೆ. ಭಾವನ ಸೋಲಿಗೆ ಸಾಕ್ಷಿ ಬೇಕಲ್ಲ, ಅಕ್ಕನಿಗೂ ಬಾ ಎಂದೆ. ಭಾವ ಎಲ್ಲೋ ನಿಂತುಹೋದ ಲಿಫ್ಟ್ ನೋಡಲು ಹೋಗಿದ್ದರು.

ಅಡಿಪಟ್ಟಿ ಹಿಡಿದು ಸ್ಪೀಕರ್‌ಗಳನ್ನು ಸಾಲಾಗಿ ಇಟ್ಟೆ. ಮೊಬೈಲಿನಿಂದ ಡಬ್ಬಿಗೆ, ಡಬ್ಬಿಯ ಹಿಂಬದಿಯಿಂದ ನನ್ನ ನೀಲಿ ದೀಪದ ಆಂಪ್ಲಿಫೈಯರಿಗೆ ವೈರು ಎಳೆದೆ. ಹಾಡು ಸರಿಯಾಗಿ ಬರುತ್ತಿದೆಯೋ ಪರೀಕ್ಷಿಸಲು ಡಬ್ಬಿಯ ಮುಂಭಾಗದ ತೂತಿಗೆ ಹೆಡ್‌ಫೋನ್ ಸಿಕ್ಕಿಸಿ ಕಿವಿಗೆ ಹಾಕಿಕೊಂಡೆ. ಆಹಾ, ಕೊಳಲು! ಊದುವವನ ಉಸಿರೂ ಕೇಳಿತು.

"ಹೇಗಿದೆ ಅಪ್ಪ?" ಕಿವಿ ಮುಚ್ಚಿದ್ದರಿಂದ ಕಿರುಚಿಯೇ ಕೇಳಿರಬೇಕು.

ಅಪ್ಪ ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ಸ್ಪೀಕರನ್ನೇ ದಿಟ್ಟಿಸುತ್ತಿದ್ದರು. "ಚೆನ್ನಾಗಿದೆ ಕಣೋ" ಎಂದು ತುಟಿ ಆಡಿತು.

"ಕೊಳಲು?"

"ಬಹಳ ಚೆನ್ನಾಗಿದೆ."

ಬೆರಳಿನಿಂದ ಮಂಡಿಯ ಮೇಲೆ ತಾಳವನ್ನೂ ಹಾಕಿದರು. ತಾಳ ಎಲ್ಲೋ, ಹಾಡು ಎಲ್ಲೋ. ವಯಸ್ಸಾಯಿತು ಪಾಪ, ಅಂದುಕೊಂಡು ಉಬ್ಬಿದೆ.

ಬಾಗಿಲಲ್ಲಿ ಅಕ್ಕ ನಿಂತು ಏನೋ ಹೇಳುತ್ತಿದ್ದಳು. ಹೆಡ್‌ಫೋನನ್ನು ಕಿವಿಯಿಂದ ಸರಿಸಿದೆ. ಕೋಣೆಯಲ್ಲಿ ಸದ್ದೇ ಇಲ್ಲ.

"ಹಾಡು ಕೇಳೋಣ ಬಾ ಅಂತ ಕರೆದು, ಅಪ್ಪ ಮಗ ಇಬ್ರೂ ಸುಮ್ನೆ ಪೆಟ್ಟಿಗೆ ನೋಡ್ತಾ ಕೂತಿದೀರಲ್ಲೋ!"

ಆ ಡಬ್ಬಿಯ ಸ್ವಭಾವವೇ ಅಂಥದ್ದಂತೆ: ಮುಂದಿನ ತೂತಿಗೆ ಹೆಡ್‌ಫೋನ್ ಸಿಕ್ಕಿಸಿದರೆ ಹಿಂದಿನಿಂದ ಸ್ಪೀಕರಿಗೆ ಹೋಗುವ ದಾರಿ ಮುಚ್ಚಿಕೊಳ್ಳುತ್ತದೆ. ಇಷ್ಟೊತ್ತೂ ಕೇಳಿದವನು ನಾನೊಬ್ಬನೇ. ಗಾಬರಿಯಲ್ಲಿ ಪಿನ್ ಕಿತ್ತೆ. ಕೊಳಲು ಕೋಣೆ ತುಂಬಾ ನುಗ್ಗಿತು.

ಅಪ್ಪ ಬೆಚ್ಚಿ ಅರ್ಧ ಎದ್ದರು. ಬಲಗಿವಿ ಮುಟ್ಟಿ ನೋಡಿಕೊಂಡರು.

"ಅಂದ್ರೆ... ಇಷ್ಟೊತ್ತು ಹಾಡು ಇರ್ಲೇ ಇಲ್ವಾ?"

"ಇರ್ಲಿಲ್ಲ ಅಪ್ಪ. ತಪ್ಪು ನಂದು."

"ಸದ್ಯ!" ಕುರ್ಚಿಗೆ ಒರಗಿ ಉಸಿರು ಬಿಟ್ಟರು. "ನೀನು ಕಿರುಚೋದು ಕೇಳ್ತಿತ್ತು, ಹಾಡು ಕೇಳ್ತಿರ್ಲಿಲ್ಲ. ಇದೂ ಹೋಗೋಕೆ ಶುರುವಾಯ್ತು ಅಂದ್ಕೊಂಡೆ. ಎಡಗಿವಿ ಹೋಗಿದ್ದೂ ಹೀಗೇ, ಮೊದ್ಲು ಸಣ್ಣ ಸದ್ದು ಹೋಯ್ತು."

"ಎಡಗಿವಿ ಹೋಗಿದ್ಯಾ?" ಅಕ್ಕನೂ ನಾನೂ ಒಟ್ಟಿಗೇ ಕೇಳಿದೆವು.

ಅಪ್ಪ ಮೂವತ್ತು ವರ್ಷ ಪತ್ರಿಕೆಯ ಪ್ರೆಸ್ಸಿನಲ್ಲಿ ದುಡಿದವರು. ಮುದ್ರಣಯಂತ್ರ ಅವರ ಎಡಕ್ಕೆ ಇರುತ್ತಿತ್ತು. ಅಷ್ಟನ್ನೇ ಹೇಳಿದರು.

"ಮತ್ತೆ ಚೆನ್ನಾಗಿದೆ ಅಂತ ಯಾಕೆ ಅಂದ್ರಿ?"

"ನೀನು ಅಷ್ಟು ಆಸೆಯಿಂದ ಕೇಳ್ದೆ. ಕೇಳಿಸ್ಲಿಲ್ಲ ಅಂತ ಹೇಗೆ ಹೇಳ್ಲಿ?"

"ಯಾರಿಗೂ ಗೊತ್ತಿಲ್ವಾ ಹಾಗಾದ್ರೆ?"

"ಅಳಿಯಂದ್ರಿಗೆ ಗೊತ್ತು. ನಾನು ಹೇಳಿದ್ದಲ್ಲ. ಎರಡು ವರ್ಷದ ಹಿಂದೆ ಇಬ್ರೂ ಲಿಫ್ಟಲ್ಲಿ ಹೋಗ್ತಿದ್ವಿ. ನೀವು ಯಾವಾಗ್ಲೂ ಎಡಗಡೆ ಗೋಡೆಗೇ ಯಾಕೆ ಅಂಟ್ಕೊಂಡು ನಿಲ್ತೀರಿ ಮಾವ, ಜನ ಎಲ್ಲ ಬಲಕ್ಕೆ ಬರ್ಲಿ ಅಂತಾನಾ, ಅಂದ್ರು."

"ಎರಡು ವರ್ಷ! ನನ್ನ ಹತ್ರಾನೂ ಬಾಯಿ ಬಿಟ್ಟಿಲ್ಲ ನೋಡು ಆ ಮನುಷ್ಯ," ಎಂದಳು ಅಕ್ಕ.

ನನ್ನ ಹೊಟ್ಟೆಕಿಚ್ಚು ಅಂದು ನೆತ್ತಿಗೇರಿತು. ಊಟದ ಮೇಜಿನಲ್ಲಿ ನನ್ನ ಜಾಗ ಅಪ್ಪನ ಎಡಕ್ಕೆ. ಹೋದ ವರ್ಷ ಅಲ್ಲೇ ಕೂತು, "ಈ ಸಲವೂ ಬಡ್ತಿ ಸಿಗಲಿಲ್ಲ ಅಪ್ಪ" ಎಂದಿದ್ದೆ. "ಒಳ್ಳೇದಾಯ್ತು" ಎಂದಿದ್ದರು. ಒಂದು ತಿಂಗಳು ಮುಖ ಗಂಟು ಹಾಕಿಕೊಂಡು ಓಡಾಡಿದ್ದೆ. ನನಗಿಂತ ಮೊದಲು ಆ ಕಿವಿಯನ್ನು ಕಂಡುಕೊಂಡವರು ಉಗುರಿನಲ್ಲಿ ಗ್ರೀಸು ಇರುವ ಈ ಮನುಷ್ಯ!

ಭಾವನಿಗೆ ಫೋನ್ ಮಾಡಿದೆ. ಟೂಲ್‌ಬಾಕ್ಸ್ ಹಿಡಿದೇ ಬಂದರು. ನನ್ನ ಅಡಿಪಟ್ಟಿಯ ಸಾಲನ್ನು ನೋಡಿ, ಬಲಗಡೆಯ ಸ್ಪೀಕರನ್ನು ಮುಂದಕ್ಕೆಳೆದು ಸೊಟ್ಟ ಮಾಡಿದರು. ಅಪ್ಪನ ಕುರ್ಚಿಯನ್ನು ಬಲಗಿವಿ ಆ ಕಡೆ ಬರುವಷ್ಟು ತಿರುಗಿಸಿದರು.

"ನಿಮ್ಮ ದೊಡ್ಡದರಲ್ಲೂ ವಾಲ್ಯೂಮ್ ಇದೆಯಲ್ಲ, ಅದನ್ನ ಇಲ್ಲಿ ನಿಲ್ಸಿ ಮರೆತುಬಿಡಿ. ಇನ್ಮೇಲೆ ಸಣ್ಣದರ ಗುಂಡಿ ಮಾತ್ರ." ನನ್ನ ಮುಖ ನೋಡಿದರು. "ಸಿಟ್ಟಾ ಆಫೀಸರ್ರೇ?"

"ಸಿಟ್ಟಲ್ಲ ಭಾವ, ಹೊಟ್ಟೆಕಿಚ್ಚು. ನನಗ್ಯಾಕೆ ಹೇಳ್ಲಿಲ್ಲ?"

ದನಿ ತಗ್ಗಿಸಿದರು. "ಮಾವ ಬೇಡ ಅಂದ್ರು. ಇಡೀ ದಿನ ಊರೋರ ದೂರು ಕೇಳಿ ಬರ್ತಾನೆ, ಮನೇಲಿ ನಂದೂ ಒಂದ್ಯಾಕೆ ಅಂದ್ರು."

ಭಾವ ಗುಂಡಿಯನ್ನು ಮೆಲ್ಲಗೆ ತಿರುಗಿಸಿದರು. ಅಪ್ಪನ ಮುಖ ಅರಳಿತು. "ಆಹಾ!" ಎಂದರು. ನೋಡಿದ್ದು ಭಾವನನ್ನು.

ಅಪ್ಪನ ಬಲಕ್ಕೆ ಒಂದೇ ಒಂದು ಸ್ಟೂಲು ಇತ್ತು. ಭಾವ ಕೈ ಒರೆಸಿಕೊಳ್ಳುತ್ತ ಅದರತ್ತ ಹೊರಟರು. ನಾನು ಎರಡೇ ಹೆಜ್ಜೆಗೆ ಹೋಗಿ ಕೂತುಬಿಟ್ಟೆ. ಭಾವ ನಕ್ಕು, ಎಡಗಡೆ ನೆಲದ ಮೇಲೆ ಕಾಲು ಚಾಚಿದರು.

"ಅಪ್ಪ," ಎಂದೆ ಬಲಗಿವಿಯ ಹತ್ತಿರ, "ಹೋದ ವರ್ಷ ನನಗೆ ಬಡ್ತಿ ಸಿಗ್ಲಿಲ್ಲ."

"ಅಯ್ಯೋ! ಯಾಕೋ?"

ಅಪ್ಪ ತಾವೇ ಕೈ ಚಾಚಿ ಗುಂಡಿಯನ್ನು ಪೂರ್ತಿ ಇಳಿಸಿದರು. ಕೊಳಲು ನಿಂತಿತು.

"ಏನಾಯ್ತು, ಮೊದ್ಲಿಂದ ಹೇಳು."