ಬೆಕ್ಕಿನ ಪಂಕ್ತಿಯಲ್ಲಿ ಗೌರಕ್ಕ

ಅಣ್ಣಿಗೇರಿಯ ಗೌರಕ್ಕನ ಖಾನಾವಳಿಯಲ್ಲಿ "ಸಾಕು" ಅನ್ನುವ ಮಾತಿಗೆ ಬೆಲೆಯೇ ಇಲ್ಲ. ನೀವು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿಯಿರಿ, ಬಾಗಿ ಮೈಯನ್ನೇ ಅಡ್ಡ ಇಡಿ, ಬೇಕಾದರೆ ದೇವರಾಣೆ ಹಾಕಿ. ಎಲ್ಲಿಂದಲೋ ಒಂದು ಬಿಸಿ ರೊಟ್ಟಿ ಬಂದು ಬಿದ್ದೇ ಬೀಳುತ್ತದೆ. ಜೊತೆಗೆ ಬೈಗುಳ ಬೇರೆ.

"ಏನ್ರೀ ಮಾಸ್ತರ, ಗುಬ್ಬಿ ಕಾಳು ಹೆಕ್ಕಿದಂಗ ಉಣ್ತೀರಿ? ಮನ್ಯಾಗ ಜಗಳಾಡಿ ಬಂದೀರೇನು? ಆ ಸಿಟ್ಟು ನನ್ನ ರೊಟ್ಟಿ ಮ್ಯಾಲ ಯಾಕ?"

ಕಾಶಿನಾಥ ಮಾಸ್ತರು ನಿಜವಾಗಿಯೂ ಜಗಳಾಡಿ ಬಂದಿರುತ್ತಾರೆ. ಅದು ಗೌರಕ್ಕನಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದರೆ, ಮಾಸ್ತರು ರೊಟ್ಟಿ ಮುರಿದ ರೀತಿ ನೋಡಿದರೆ ಸಾಕಲ್ಲ ಅನ್ನುತ್ತಾಳೆ. ಯಾರಿಗೆ ಜ್ವರ ಬರುವ ಹಾಗಿದೆ, ಯಾರು ಶಾಲೆಯ ತಪಾಸಣೆಗೆ ಹೆದರಿದ್ದಾರೆ, ಯಾರ ಮನೆಗೆ ಹೆಣ್ಣು ನೋಡಲು ಬರುತ್ತಿದ್ದಾರೆ, ಎಲ್ಲವನ್ನೂ ಆಕೆ ತುತ್ತು ಎತ್ತುವ ಕೈಯಲ್ಲೇ ಓದುತ್ತಾಳೆ. ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಉಣ್ಣುವವರನ್ನು ಓದುವ ವಿದ್ಯೆಯಲ್ಲಿ ಆಕೆಯನ್ನು ಮೀರಿಸುವವರು ಈ ಸೀಮೆಯಲ್ಲಿ ಇಲ್ಲ, ಬೇಕಾದರೆ ಬಂದು ಕುಳಿತು ನೋಡಿ.

ಹದಿನೆಂಟು ವರ್ಷದ ಹಿಂದೆ, ಗಂಡ ಮಡಿವಾಳೆಪ್ಪ ದುಡಿಯುತ್ತಿದ್ದ ಹತ್ತಿ ಜಿನ್ನಿನ ಗಿರಣಿ ಮುಚ್ಚಿತು. ಅವನು ತಲೆಯ ಮೇಲೆ ಕೈ ಹೊತ್ತು ಕುಳಿತಾಗ ಆಕೆ ಹೇಳಿದ್ದು ಇಷ್ಟೇ: "ನನಗ ರೊಟ್ಟಿ ಬಡಿಯಾಕ ಬರತೈತಿ. ಮಂದಿಗೆ ಹಸಿವಾಕ್ಕೈತಿ. ಇನ್ನೇನು ಬೇಕ್ರಿ?" ಮರುದಿನವೇ ಒಲೆ ಹೊತ್ತಿಸಿದಳು. ಅಂದಿನಿಂದ ಸೋಮವಾರ ಒಂದು ಬಿಟ್ಟು ಆ ಒಲೆ ಆರಿಲ್ಲ. ಆಕೆಯೇ ನೀಡಬೇಕು, ಆಕೆಯೇ ಒತ್ತಾಯ ಮಾಡಬೇಕು. ತಾನು ಮಾತ್ರ ಯಾವಾಗ ಉಣ್ಣುತ್ತಾಳೆ ಅಂತ ಯಾರೂ ಕಂಡಿಲ್ಲ. ಎಲ್ಲರೂ ಹೋದ ಮೇಲೆ, ನಾಲ್ಕರ ಸುಮಾರಿಗೆ, ಒಲೆಯ ಬಾಜು ನಿಂತುಕೊಂಡೇ ಪಾತ್ರೆಯ ಮುಚ್ಚಳದಲ್ಲಿ ಉಳಿದ ಪಲ್ಯ ಹಾಕಿಕೊಂಡು ಆರಿದ ಮುರುಕು ರೊಟ್ಟಿ ಅದ್ದಿ ತಿಂದು ಕೈ ತೊಳೆಯುತ್ತಾಳೆ. ಅದೇ ಅವಳ ಊಟ.

ಈ ಖಾನಾವಳಿಯಲ್ಲಿ ಒಂದು ಬೆಕ್ಕಿದೆ. ಪುಠಾಣಿಯ, ಅಂದರೆ ಹುರಿಗಡಲೆಯ ಬಣ್ಣ, ಹೆಸರೂ ಪುಠಾಣಿ. ಹನ್ನೊಂದು ವರ್ಷದ ಹಿಂದೆ ಜೋಳದ ಚೀಲಕ್ಕೆ ಇಲಿ ಬಿದ್ದಾಗ, ಹಿತ್ತಲಿನ ಗೋಡೆಯಾಚೆ ಬಟ್ಟೆ ಹೊಲಿಯುವ ಶಮೀಮಾಬಿ ತನ್ನ ಮನೆಯ ಮರಿಯೊಂದನ್ನು ಗೋಡೆಯ ಮೇಲಿನಿಂದ ದಾಟಿಸಿ ಕೊಟ್ಟಿದ್ದಳು. ಇಲಿಗಳು ಊರು ಬಿಟ್ಟವು, ಬೆಕ್ಕು ಉಳಿಯಿತು. ಮಧ್ಯಾಹ್ನ ಹನ್ನೆರಡೂವರೆಗೆ, ಗದ್ದಲ ಏರುವ ಹೊತ್ತಿಗೆ ಸರಿಯಾಗಿ, ಒಲೆಯ ಬದಿಗೆ ಬಂದು ಕುಳಿತು ತನ್ನ ಹಾಲು ರೊಟ್ಟಿ ತಿನ್ನುತ್ತಿತ್ತು. ಗಿರಾಕಿಗಳ ಕಾಲಸಪ್ಪಳಕ್ಕೆ ಕಿವಿಯನ್ನೂ ನಿಮಿರಿಸುತ್ತಿರಲಿಲ್ಲ.

ಈ ಶ್ರಾವಣದಲ್ಲಿ ಗೌರಕ್ಕ ಒಂದು ದಿನ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತಳು. ಬೆಕ್ಕು ತಲೆ ಓರೆ ಮಾಡಿ ಒಂದೇ ದವಡೆಯಲ್ಲಿ ಅಗಿಯುತ್ತಿತ್ತು. ನಡುವೆ ತುತ್ತು ಬಿಟ್ಟು ಮುಂಗಾಲಿನಿಂದ ಬಾಯಿ ಉಜ್ಜಿಕೊಂಡಿತು.

"ಇಕಿಗೆ ಹಲ್ಲುನೋವೈತ್ರಿ," ಅಂದಳು ಗಂಡನಿಗೆ.

"ಬೆಕ್ಕಿಗೆ ಹಲ್ಲುನೋವು!" ಮಡಿವಾಳೆಪ್ಪ ನಕ್ಕ. "ನಾಳೆ ಚಸ್ಮಾನೂ ಹಾಕ್ಸು. ವಯಸ್ಸಾಗೈತಿ, ಸುಮ್ಮ ಬಿಡು."

ಸುಮ್ಮನೆ ಬಿಡುವ ಪೈಕಿಯೇ ಅಲ್ಲ ಆಕೆ. ಸೋಮವಾರ ಬೆಕ್ಕನ್ನು ರೊಟ್ಟಿ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಪಂಚೆ ಬಿಗಿದು, ಹುಬ್ಬಳ್ಳಿ ಗಾಡಿ ಹತ್ತಿದಳು. ಅಲ್ಲಿಯ ಪ್ರಾಣಿಗಳ ದವಾಖಾನೆಯ ಡಾಕ್ಟರ್ ನಂದಾ ಬಾಯಿ ತೆಗೆಸಿ ನೋಡಿ ಹುಬ್ಬು ಏರಿಸಿದರು. ಒಸಡೆಲ್ಲ ಕೊಳೆತಿತ್ತು. ಮಂಪರಿನ ಮದ್ದು ಕೊಟ್ಟು ಒಂಬತ್ತು ಹಲ್ಲು ಕಿತ್ತರು, ಹೊಲಿಗೆ ಹಾಕಿದರು. ಸಂಜೆ ಬುಟ್ಟಿ ಕೈಗಿಡುವಾಗ ಹೇಳಿದರು:

"ನೀವು ನೋಡಿ ಗುರುತಿಸಿದ್ದು ದೊಡ್ಡ ಮಾತ್ರಿ ಅಮ್ಮಾರ. ಇನ್ನ ಮುಂದಿನದು ಊಟದ ಕೆಲಸ. ಮೆತ್ತಗಿಂದು ಕೊಡ್ರಿ. ಮೀನೋ ಕೋಳಿನೋ ಬೇಯಿಸಿ ಅರದು ಕೊಟ್ರ ಲಗೂನ ಚೇತರಿಸ್ಕೊಳ್ತದ. ಆದ್ರ ಬೆಕ್ಕು ಮೂರು ದಿನ ಉಪವಾಸ ಇದ್ರ ಯಕೃತ್ತು ಕೆಡ್ತದ. ಗುರುವಾರ ಸಂಜೀತನಕ ನೋಡ್ರಿ. ತಿನ್ನಲಿಲ್ಲಂದ್ರ ಕರಕೊಂಡು ಬರ್ರಿ, ಮತ್ತ ಮಂಪರು ಕೊಟ್ಟು ಕೊರಳಾಗ ನಳಿಗಿ ಹಾಕಬೇಕಾಗ್ತದ. ಈ ವಯಸ್ಸಿಗೆ ಅದು ತಡಕೊಳ್ತದಂತ ನಾ ಮಾತು ಕೊಡಲಾರೆ."

"ಊಟದ ಕೆಲಸ ಏನ್ರಿ? ಅದು ನನಗ ಬಿಡ್ರಿ," ಅಂದಳು ಗೌರಕ್ಕ. ಊರಿಗೆಲ್ಲ ಉಣಿಸಿದವಳಿಗೆ ಅಂಗೈಯಷ್ಟು ಹೊಟ್ಟೆ ಯಾವ ಲೆಕ್ಕ ಅಂದುಕೊಂಡಿರಬೇಕು.

ಮಂಗಳವಾರ ಹಾಲಿನಲ್ಲಿ ರೊಟ್ಟಿ ನೆನೆಸಿ ಕಿವುಚಿ ಇಟ್ಟಳು. ಪುಠಾಣಿ ಮೂಸಿ ಮುಖ ತಿರುಗಿಸಿತು. ಮೊಸರನ್ನ ಇಟ್ಟಳು, ಮತ್ತೆ ಮುಖ ತಿರುಗಿಸಿತು. ಬುಧವಾರ ಬೆಳಿಗ್ಗೆ ಗೌರಕ್ಕ ಹಿತ್ತಲಿನ ಗೋಡೆಯ ಹತ್ತಿರ ಹೋಗಿ ನಿಂತಳು. ಲಿಂಗ ಕಟ್ಟಿದ ಮನೆ, ಮೀನಿನ ಮುಳ್ಳು ಕೂಡ ಹೊಸ್ತಿಲು ದಾಟಿದ್ದಿಲ್ಲ. ಆದರೂ ನಿಂತಳು, ಕರೆದಳು.

"ಶಮೀಮಾ, ಇಕಿಗೆ ನಿಮ್ಮನಿ ಊಟ ಬೇಕಾಗೈತಿ ಬೇ."

ಶಮೀಮಾಬಿ ಎರಡನೆಯ ಮಾತು ಕೇಳಲಿಲ್ಲ. ಉಪ್ಪು ಖಾರ ಏನೂ ಹಾಕದೆ ಮೀನು ಬೇಯಿಸಿ, ಒಂದೊಂದು ಮುಳ್ಳನ್ನೂ ಬೆರಳಲ್ಲಿ ತಡವಿ ತೆಗೆದು, ನುಣ್ಣಗೆ ಅರೆದು ತಂದಳು. "ಬಟ್ಟಲಾ ನಂದ ಇರಲಿ, ನಿನ್ನ ಭಾಂಡೆ ಮುಟ್ಟೂದು ಬ್ಯಾಡ," ಅಂತ ತಾನೇ ಹೇಳಿದಳು. ಜೋಳದ ಚೀಲ ಇಡುವ ಕೋಣೆಯಲ್ಲಿ ಬಟ್ಟಲು ಇಟ್ಟರು. ಪುಠಾಣಿಯ ಮೂಗು ಅಲುಗಿತು. ಒಂದು ಹೆಜ್ಜೆ ಮುಂದೆ ಬಂತು, ಮತ್ತೊಂದು ಹೆಜ್ಜೆ.

ಅಯ್ಯೋ, ಆಗ ಸುಮ್ಮನಿರಬೇಕೋ ಬೇಡವೋ! ಗೌರಕ್ಕ ಧಡಕ್ಕನೆ ಎದುರಿಗೆ ಕುಳಿತಳು.

"ತಿನ್ನು ನಮ್ಮವ್ವಾ, ಒಂದ ತುತ್ತು. ನನ್ನ ಸಲುವಾಗಿ ಒಂದ. ಯಾಕ, ಚೊಲೋ ಆಗಿಲ್ಲೇನು? ಹಂಗೆಲ್ಲಾ ಮಾಡಬಾರದು, ಬಾಯಿ ತಗಿ..."

ಬಟ್ಟಲನ್ನು ಮೂಗಿಗೆ ಹಿಡಿದಳು, ಬೆರಳಲ್ಲಿ ತೆಗೆದು ತುಟಿಗೆ ಸವರಿದಳು. ಅದಕ್ಕೆ ಮೊದಲೇ ಡಾಕ್ಟರು ಕೊಟ್ಟ ನೋವಿನ ಔಷಧದ ಹನಿಯನ್ನೂ ಅದರಲ್ಲಿ ಕಲಸಿ ಜಾಣತನ ಮೆರೆದಿದ್ದಳು. ಬೆಕ್ಕು ಒಮ್ಮೆ ನೆಕ್ಕಿ, ನೊರೆ ಕಾರಿ, ಚೀಲದ ಹಿಂದೆ ನುಗ್ಗಿತು. ಸಂಜೆಯ ಹೊತ್ತಿಗೆ ಗೌರಕ್ಕ ಬಟ್ಟಲು ಹಿಡಿದು ಬಾಗಿಲಲ್ಲಿ ಕಂಡರೆ ಸಾಕು, ಗೋಡೆಗೆ ಅಂಟಿ ಕುಗ್ಗುತ್ತಿತ್ತು.

"ಸಿಟ್ಟಾಗಬ್ಯಾಡ ಗೌರಕ್ಕಾ," ಅಂದಳು ಶಮೀಮಾಬಿ. "ಅದು ಊಟಕ್ಕ ಹೆದರಿಲ್ಲ. ನಿನಗ ಹೆದರೈತಿ."

ಆ ಮಾತು ಗೌರಕ್ಕನ ಎದೆಗೆ ನೇರವಾಗಿ ಹೋಗಿ ನಾಟಿತು. ಸಿಟ್ಟು ಬರಲಿಲ್ಲ, ಅಳು ಬಂತು. ತನ್ನ ಮನೆಯಲ್ಲಿ, ನಲವತ್ತು ಜನ ತೇಗುವ ಮನೆಯಲ್ಲಿ, ಒಂದು ಜೀವ ಹಸಿದು ಸಾಯುವುದೇ? ಅದೂ ತಾನು ಹಟ ಹಿಡಿದು ಹಲ್ಲು ಕೀಳಿಸಿದ ಜೀವ? ಮಡಿವಾಳೆಪ್ಪ "ನಾ ಆವತ್ತ ಹೇಳಿದ್ನಿ" ಅಂತ ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಜಗಳಾಡಿ ಹಗುರಾಗುತ್ತಿದ್ದಳು.

ಗುರುವಾರ ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಒಪ್ಪಿಕೊಂಡಳು. ಅವರು ಬೈದೇಬಿಟ್ಟರು.

"ಊಟದಾಗ ಔಷಧ ಕಲಸ್ತಾರೇನ್ರಿ? ಅದಕ್ಕ ಈಗ ಊಟಾನೇ ಕಹಿ ಅನಸ್ಲಿಕ್ಕೆ ಹತ್ತದ. ಔಷಧ ಬ್ಯಾರೆ ಹೊತ್ತಿನಾಗ ಹಾಕ್ರಿ. ಊಟ ತುಸು ಬೆಚ್ಚಗ ಮಾಡಿ ಇಡ್ರಿ, ವಾಸನಿ ಏಳಬೇಕು. ಇಟ್ಟು ಹೊಳ್ಳಿ ಬಂದುಬಿಡ್ರಿ."

"ಇಟ್ಟು... ಬಂದುಬಿಡೂದ್ರಿ?"

"ಹೌದ್ರಿ. ನಿಂತು ನೋಡಬ್ಯಾಡ್ರಿ. ಇಷ್ಟಾಗಿಯೂ ಆಗಲಿಲ್ಲಂದ್ರ ಸಂಜಿ ಗಾಡಿಗೆ ಬರ್ರಿ."

ನೀಡಿ, ಒಂದು ಮಾತೂ ಆಡದೆ, ಬೆನ್ನು ತಿರುಗಿಸಿ ಬರುವುದು! ಗೌರಕ್ಕನ ಲೆಕ್ಕದಲ್ಲಿ ಅದು ಬಂದವರ ಮುಖಕ್ಕೆ ಹೊಡೆದಂತೆ. ಆದರೂ ಮಾಡಿದಳು. ಬಟ್ಟಲಿಟ್ಟು, ಬಾಗಿಲು ಮುಂದಕ್ಕೆ ಎಳೆದು, ಹೊರಗೆ ಸೆರಗು ತಿರುವುತ್ತ ಕುಳಿತಳು. ಅರ್ಧ ತಾಸಿನ ಮೇಲೆ ಇಣುಕಿದರೆ ಊಟ ಆರಿ ಕೆನೆಗಟ್ಟಿತ್ತು. ಬೆಕ್ಕು ಚೀಲದ ಸಂದಿಯಿಂದ ಹೊರಗೇ ಬಂದಿರಲಿಲ್ಲ. ಹನ್ನೊಂದು ವರ್ಷ ಜನರ ನಡುವೆ ಉಂಡ ಬೆಕ್ಕು ಅದು. ಒತ್ತಾಯವೂ ಬೇಡ, ಒಂಟಿಯಾಗಿ ಉಣ್ಣುವುದೂ ಬೇಡ ಅಂದರೆ ಏನು ಮಾಡಬೇಕು?

ಹೊಸ್ತಿಲ ಮೇಲೆ ಕುಳಿತವಳಿಗೆ, ಎಷ್ಟೋ ವರ್ಷದಿಂದ ನೆನಪಿಗೇ ಬಾರದ ಒಂದು ಮಧ್ಯಾಹ್ನ ನೆನಪಾಯಿತು. ತಿರ್ಲಾಪುರದಿಂದ ಹತ್ತೊಂಬತ್ತು ವರ್ಷದ ಸೊಸೆಯಾಗಿ ಈ ಮನೆಗೆ ಬಂದ ಮೊದಲ ವಾರ. ಅತ್ತೆ, ನಾದಿನಿಯರು, ಓಣಿಯ ಹೆಂಗಸರು ಸುತ್ತ ನಿಂತು, "ಉಣ್ಣವಾ, ನಾಚಬ್ಯಾಡ, ಇನ್ನೊಂದು ಹಾಕ್ಕೋ, ತವರಮನ್ಯಾಗ ಇದಕ್ಕಿಂತ ಚೊಲೋ ಮಾಡ್ತಿದ್ರೇನು?" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅನ್ನುತ್ತಿದ್ದರು. ಅಷ್ಟು ಕಣ್ಣು ತನ್ನ ಬಾಯಿಯ ಮೇಲೆ ಇರುವಾಗ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ಮೂರು ದಿನ ಹಸಿದಿದ್ದಳು. ನಾಲ್ಕನೆಯ ದಿನ ಅತ್ತೆಯ ಅಕ್ಕ ಬಂದವಳು ತನ್ನ ತಾಟು ಹಿಡಿದು ಬಾಜು ಕುಳಿತಳು. ಇವಳ ಕಡೆ ನೋಡಲೇ ಇಲ್ಲ. ಗೋಡೆಗೆ ಮುಖ ಮಾಡಿ, ಹತ್ತಿಗೆ ಬಿದ್ದ ಹುಳದ ಸುದ್ದಿ ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಉಂಡಳು. ಆ ದಿನ ಗೌರಕ್ಕ ಮೂರು ರೊಟ್ಟಿ ಉಂಡಿದ್ದಳು.

"ನಾನೂ ಅವರಂಗ ನಿಂತ್ನಲ್ಲ," ಅಂದುಕೊಂಡಳು. ತನ್ನ ತಪ್ಪು ಕಂಡ ಕ್ಷಣವೇ ಅದನ್ನು ಒಪ್ಪಿಕೊಳ್ಳುವವರು ಎಷ್ಟು ಜನ ಸಿಗುತ್ತಾರೆ ಹೇಳಿ! ಆಕೆ ಸೆರಗಿನಿಂದ ಮುಖ ಒರೆಸಿ ಎದ್ದಳು.

ಗಂಟೆ ಹನ್ನೆರಡೂವರೆ. ಖಾನಾವಳಿ ತುಂಬಿ ಬಾಗಿಲಲ್ಲೂ ಜನ. ಕಾಶಿನಾಥ ಮಾಸ್ತರರ ತಾಟಿಗೆ ಒಂದು ರೊಟ್ಟಿ ಹಾಕಿ, ರೊಟ್ಟಿ ಬುಟ್ಟಿಯನ್ನು ಗಂಡನ ಕೈಗೆ ಕೊಟ್ಟು ಹೇಳಿದಳು: "ಇವತ್ತ ನೀವ ಎಲ್ಲಾ ನೀಡ್ರಿ. ನಾ ಊಟಕ್ಕ ಕುಂಡ್ರತೀನಿ."

"ಈಗ?" ಮಡಿವಾಳೆಪ್ಪನಿಗೆ ಕಿವಿ ಕೆಟ್ಟಿತೇ ಅನ್ನಿಸಿತು. "ಯಾರ ಜೋಡಿ?"

"ಪುಠಾಣಿ ಜೋಡಿ."

ಮಾಸ್ತರರ ಕೈಯ ತುತ್ತು ಅರ್ಧ ದಾರಿಯಲ್ಲಿ ನಿಂತಿತು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಗೌರಕ್ಕ ಒಂದು ತಾಟು ತೆಗೆದುಕೊಂಡು, ಅದಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು ಹಾಕಿಕೊಂಡಳು. ಶಮೀಮಾಬಿ ಬೆಚ್ಚಗೆ ಮಾಡಿ ತಂದ ಬಟ್ಟಲನ್ನು ಇನ್ನೊಂದು ಕೈಯಲ್ಲಿ ಹಿಡಿದು ಜೋಳದ ಕೋಣೆಗೆ ಹೋದಳು. ಬಾಗಿಲು ಮುಚ್ಚಲಿಲ್ಲ, ಗದ್ದಲ ಒಳಗೆ ಬರಲಿ ಅಂತ. ಬಟ್ಟಲನ್ನು ತನ್ನ ಬೆನ್ನ ಹಿಂದೆ, ಒಂದು ಮೊಳ ದೂರದಲ್ಲಿ ಇಟ್ಟಳು. ಗೋಡೆಗೆ ಮುಖ ಮಾಡಿ ಚಕ್ಕಳಮಕ್ಕಳ ಹಾಕಿ ಕುಳಿತಳು.

ಮೀನಿನ ವಾಸನೆಗೆ ಮೊದಲ ತುತ್ತು ಒಳಗಿಳಿಯಲೊಲ್ಲದು. ಕಣ್ಣು ಮುಚ್ಚಿ ನುಂಗಿದಳು. ಎರಡನೆಯದನ್ನೂ ನುಂಗಿದಳು. ಆಮೇಲೆ ಗೋಡೆಗೆ ಹೇಳತೊಡಗಿದಳು: "ಈ ಸಲ ಬದನಿಕಾಯಿ ಅಗದಿ ಎಳೇವು ಬಂದಾವ. ಮಳಿ ಇನ್ನೊಂದೀಟು ಬಂದಿದ್ರ ಹೆಸರೂ ಚೊಲೋ ಆಗ್ತಿತ್ತು..." ಹೊರಗೆ ಯಾರೋ "ರೊಟ್ಟಿ!" ಅಂತ ಕೂಗಿದರು. ಏಳಬೇಕು ಅಂತ ಮೊಣಕಾಲುಗಳು ತಾವಾಗಿಯೇ ಮಿಸುಕಿದವು. ಕೈಯಿಂದ ಒತ್ತಿ ಹಿಡಿದು ಕುಳಿತಳು.

ಒಂದು ರೊಟ್ಟಿ ಮುಗಿಯುವ ಹೊತ್ತಿಗೆ ಚೀಲದ ಬದಿಯಲ್ಲಿ ಸರಬರ ಸಪ್ಪಳ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬೆನ್ನ ಹಿಂದೆ, ಲೊಚ್. ಮತ್ತೆ, ಲೊಚ್, ಲೊಚ್.

ಗೌರಕ್ಕ ತಿರುಗಲಿಲ್ಲ. ಎಂಥ ಕಷ್ಟದ ಕೆಲಸ ಅದು ಅಂತ ಆಕೆಯನ್ನು ಬಲ್ಲವರಿಗೇ ಗೊತ್ತು. "ಇನ್ನೊಂಚೂರು ತಿನ್ನವ್ವಾ" ಅನ್ನುವ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಇದ್ದ ರೊಟ್ಟಿ ಚೂರನ್ನು ಬಾಯಿಗೆ ತುರುಕಿ ಅದನ್ನು ಒಳಗೇ ತಡೆದಳು. ಕಣ್ಣಿಂದ ನೀರು ಎಣ್ಣೆಗಾಯಿಯ ಮೇಲೆ ತೊಟ್ಟಿಕ್ಕಿತು. ಬಟ್ಟಲು ನೆಲಕ್ಕೆ ಉಜ್ಜುವ ಸದ್ದು ಬಂತು, ತಳ ನೆಕ್ಕುವಾಗ ಬರುವ ಸದ್ದು. ಆಗಲೇ ಆಕೆಗೆ ತನ್ನ ಬಾಯಿಯ ರುಚಿ ತಿಳಿದದ್ದು. ಬಿಸಿ ರೊಟ್ಟಿಯ ಮೇಲೆ ತನ್ನ ಎಣ್ಣೆಗಾಯಿ ಇಷ್ಟು ಚೆನ್ನಾಗಿರುತ್ತದೆ ಅಂತ ಮಂದಿ ಹೊಗಳಿದ್ದನ್ನು ಕೇಳಿದ್ದಳೇ ಹೊರತು ಉಂಡು ನೋಡಿರಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಮಡಿವಾಳೆಪ್ಪ ರೊಟ್ಟಿ ಬುಟ್ಟಿ ಹಿಡಿದು ನಿಂತಿದ್ದ. ಬೆಕ್ಕು ಖಾಲಿ ಬಟ್ಟಲಿನ ಮುಂದೆ ಮೀಸೆ ಒರೆಸಿಕೊಳ್ಳುತ್ತಿತ್ತು. ಅವನು ನೋಡಿದ್ದು ಅದನ್ನಲ್ಲ. ಹೆಂಡತಿ ನೆಲದ ಮೇಲೆ ಕುಳಿತು, ತಾಟಿನಲ್ಲಿ, ಬಿಸಿ ಊಟ ಮಾಡುತ್ತಿರುವುದನ್ನು ನೋಡುತ್ತಿದ್ದ. ಇಷ್ಟು ವರ್ಷದಲ್ಲಿ ಅದನ್ನು ಅವನು ಕಂಡಿರಲಿಲ್ಲ. ಕಂಡಿಲ್ಲ ಅನ್ನುವುದೂ ಅವನಿಗೆ ಈಗಲೇ ಹೊಳೆದದ್ದು.

"ಇನ್ನೊಂದು ಹಾಕಲೇನು?" ಅಂದ ಮೆಲ್ಲಗೆ.

ಸಾವಿರಾರು ಜನರಿಗೆ ತಾನು ಕೇಳಿದ ಮಾತು. ಈ ಮನೆಯಲ್ಲಿ ಆಕೆಗೆ ಅದನ್ನು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ! ಗೌರಕ್ಕ ಗೋಡೆಗೆ ಮುಖ ಮಾಡಿಕೊಂಡೇ ತಾಟನ್ನು ಪಕ್ಕಕ್ಕೆ ಚಾಚಿದಳು.

"ಹಾಕ್ರಿ," ಅಂದಳು. "ಆದ್ರ ನಿಂತು ನೋಡಬ್ಯಾಡ್ರಿ."