ನಡುಕದ ಸಾಹೇಬರು

ಅವರ ಬಿಳಿ ಪ್ಯಾಂಟು ಮಂಡಿಯ ಹತ್ತಿರ ಸದಾ ಕೆಮ್ಮಣ್ಣಿನ ಬಣ್ಣ. ಬಿರುಕು ಬಿಟ್ಟ ಗೋಡೆ ಕಂಡರೆ ಸಾಕು, ಹ್ಯಾಟನ್ನು ಕಂಕುಳಿಗೆ ಸೇರಿಸಿ ಮಂಡಿಯೂರಿ ಕೂತುಬಿಡುತ್ತಿದ್ದರು. ನೋವಾದ ಜಾಗವನ್ನು ವೈದ್ಯ ಮುಟ್ಟುವಂತೆ ಬಿರುಕಿನುದ್ದಕ್ಕೂ ಬೆರಳಾಡಿಸುತ್ತಿದ್ದರು. ಭೂಕಂಪದ ಶಾಸ್ತ್ರ ಓದಿದ ಅವರನ್ನು ಮದರಾಸು ಸರ್ಕಾರ ನಮ್ಮ ರಾಯದುರ್ಗಕ್ಕೆ ಕಳಿಸಿತ್ತು. ಊರವರ ಬಾಯಲ್ಲಿ ಅವರು ನಡುಕದ ಸಾಹೇಬರು.

ನಾನು ಮಡಕಶಿರಾದಿಂದ ಸೊಸೆಯಾಗಿ ಬಂದು ಹೊಸ್ತಿಲು ದಾಟಿದ ದಿನವೇ ಭೂಮಿ ನಡುಗಿ ಪಡಸಾಲೆಯ ಗೋಡೆ ಸೀಳಿತ್ತು. ಅತ್ತೆ ನನ್ನನ್ನು ಅಡುಗೆಮನೆಗೆ ಬಿಟ್ಟುಕೊಳ್ಳಲಿಲ್ಲ. ತಂಗಿಯನ್ನು ಕರೆದುಕೊಂಡು ಹೋಗು ಎಂದು ನಮ್ಮಣ್ಣನಿಗೆ ಹೇಳಿಕಳಿಸಿದ್ದರು. ನನ್ನ ಗಂಡ ತಾಯಿಗೆ ಎದುರಾಡುವವರಲ್ಲ.

ಸಾಹೇಬರು ಇಳಿದುಕೊಂಡದ್ದು ನಮ್ಮ ಹೊರಕೋಣೆಯಲ್ಲೇ. ಬೆಳಗಾದರೆ ಎತ್ತಿನ ಗಾಡಿ ಹತ್ತಿ ಗುಮ್ಮಘಟ್ಟ, ಬೆಳುಗುಪ್ಪ ಅಂತ ಹೊರಟುಬಿಡುವರು. ಕುರಿ ಕಾಯುವವನನ್ನೂ ಶಾನುಭೋಗರನ್ನೂ ಒಂದೇ ಮರ್ಯಾದೆಯಲ್ಲಿ ಕೇಳುವರು: "ಮೊದಲು ಸದ್ದೋ, ಮೊದಲು ನಡುಕವೋ?"

ಒಂದು ಸಂಜೆ ಮಜ್ಜಿಗೆ ಕುಡಿಯುತ್ತ ಅತ್ತೆಯನ್ನೂ ಅದನ್ನೇ ಕೇಳಿದರು.

"ಸದ್ದೂ ಅಲ್ಲ, ನಡುಕಾನೂ ಅಲ್ರಿ. ಮೊದಲು ಬಂದಾಕಿ ಇಕಿ," ಎಂದು ಅತ್ತೆ ನನ್ನತ್ತ ಕೈ ತೋರಿಸಿದರು. "ಇಕಿ ಕಾಲಿಟ್ಟಳು, ಗ್ವಾಡಿ ಸೀಳ್ತು."

ಸಾಹೇಬರು ವಾದಕ್ಕಿಳಿಯಲಿಲ್ಲ. ನನ್ನ ಕಡೆ ತಿರುಗಿ, "ನೀನು ಹೇಳಮ್ಮ," ಎಂದರು. ಆ ಮನೆಯಲ್ಲಿ ನನ್ನನ್ನು ಏನಾದರೂ ಕೇಳಿದ ಮೊದಲಿಗರು ಅವರೇ.

"ಮೊದ್ಲು ದೂರದಾಗೆ ಗಾಡಿ ಉರುಳ್ದಂಗೆ ಸದ್ದಾಯ್ತು. ಆಮ್ಯಾಕೆ ನೆಲ ನಡುಗ್ತು. ನಂಗೂ ಶ್ಯಾನೆ ಭಯ ಆಯ್ತು," ಎಂದೆ.

"ಬೆಳುಗುಪ್ಪದವರೂ ಹೀಗೇ ಅಂದರು." ಆಮೇಲೆ ಅತ್ತೆಗೆ ಹೇಳಿದರು, "ಅಲ್ಲೂ ಅದೇ ಹೊತ್ತಿಗೆ ಗೋಡೆಗಳು ಬಿರಿದಿವೆ ತಾಯಿ. ಅಲ್ಲಿಗೂ ಇವಳೇ ಹೋಗಿ ಕಾಲಿಟ್ಟಳೇ?"

"ಹಂಗಾದ್ರ ಯಾಕ ನಡುಗಿತು? ನೀವ ಹೇಳ್ರಿ."

"ನನಗೂ ಪೂರ್ತಿ ತಿಳಿಯದು. ತಿಳಿಯದ್ದಕ್ಕೇ ಊರೂರು ಅಲೆಯುತ್ತಿದ್ದೇನೆ. ತಿಳಿಯದ್ದನ್ನೆಲ್ಲ ಈ ಮಗುವಿನ ತಲೆಗೆ ಕಟ್ಟಬೇಡಿ."

ನನ್ನನ್ನು ಕರೆದೊಯ್ಯಲು ಅಣ್ಣ ಗಾಡಿ ಕಟ್ಟಿಕೊಂಡು ಬಂದಾಗ ಅತ್ತೆ, "ರೊಟ್ಟಿ ಉಂಡು ಹೋಗಪಾ. ಇಕಿ ಬರಂಗಿಲ್ಲ," ಎಂದರು.

ಕೆಲಸ ಮುಗಿಸಿ ಹೊರಟ ಸಾಹೇಬರನ್ನು ನಾನು ಮತ್ತೆ ಕಾಣಲಿಲ್ಲ. ಎಷ್ಟೋ ವರ್ಷಗಳ ಮೇಲೆ ತಾಲೂಕು ಕಚೇರಿಯ ಜವಾನ ಅವರು ತೀರಿಹೋದ ಸುದ್ದಿ ತಂದ. ನಾನು ಎದ್ದು ಬಚ್ಚಲಿಗೆ ನಡೆದೆ.

"ಸಾವಿನ ಸ್ನಾನ ನಿನಗ್ಯಾಕ? ಅವರೇನು ನಿನ್ನ ಬಳಗಾನ?" ಅತ್ತೆ ಕೇಳಿದರು.

"ನಮ್ಮ ತವರಿನೋರು," ಎಂದೆ.

ಅತ್ತೆ ಹಿತ್ತಲ ಬಾವಿಯಿಂದ ತಾವೇ ನೀರು ಸೇದಿ ತಂದು ನನ್ನ ತಲೆಯ ಮೇಲೆ ಹೊಯ್ದರು.