ಮುದುಕಿಗೆ ಸೇರಿದ ಗಾಳಿ

ನಮ್ಮ ಚಿಕ್ಕಮ್ಮ ಟ್ಯಾಕ್ಸಿ ಓಡಿಸುತ್ತಾಳೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಚಿಕ್ಕಪುಟ್ಟ ರಿಪೇರಿಗೆಲ್ಲ ಯಾರ ಕೈಕಾಲೂ ಹಿಡಿಯುವವಳಲ್ಲ. ತನ್ನ ಹಳೇ ಕಾರಿಗೆ ಅವಳಿಟ್ಟ ಹೆಸರು ‘ಮುದುಕಿ’. ಗ್ಯಾರೇಜಿನವರಿಗೆ ಮತ್ತು ನನಗೆ ಮಾತ್ರ ಗೊತ್ತಿದ್ದ ಹೆಸರು. ಮನೆಯಲ್ಲಿ ನಿಜವಾಗಿಯೂ ವಯಸ್ಸಾದ ತನ್ನ ಅತ್ತೆ ಇದ್ದಾರೆ, ಕೇಳಿಸಿಕೊಂಡಾರು ಎಂದು ಈ ಮಹಾತಾಯಿಗೆ ಹೊಳೆದೇ ಇರಲಿಲ್ಲ.

ಅವತ್ತು ಸ್ಟೀರಿಂಗಿನ ಎಣ್ಣೆ ಸೋರುತ್ತಿದ್ದ ಪೈಪನ್ನು ತಾನೇ ಬದಲಾಯಿಸಿದ್ದಳು. ಅಲ್ಲಿಂದ ಕಾರಿಗೆ ಹೊಸ ರಾಗ ಶುರುವಾಯಿತು. ಅಂಗಳದಲ್ಲಿ ನಿಂತು ಮೆಕ್ಯಾನಿಕ್‌ಗೆ ಫೋನು ಹಚ್ಚಿದಳು.

“ಮುದುಕಿದು ಒಂದೇ ಗೋಳು ಕಣಪ್ಪಾ. ಸ್ವಲ್ಪ ತಿರುಗಿದ್ರೂ ನರಳುತ್ತೆ. ನೋಡಿದ್ರೆ ಬರೀ ನೊರೆ... ಏನು, ಗಾಳಿ ಸೇರ್ಕೊಂಡಿದ್ಯಾ? ಸರಿ, ಇವತ್ತೇ ಬಿಡಿಸ್ತೀನಿ. ಎತ್ತಿ ನಿಲ್ಲಿಸ್ಬೇಕಾ? ಅದೇನು ಮಹಾ, ನಾನೇ ಎತ್ತಿ ನಿಲ್ಲಿಸ್ತೀನಿ ಬಿಡು.”

ಅಡುಗೆಮನೆಯ ಕಿಟಕಿ ತೆರೆದೇ ಇತ್ತು.

ಚಿಕ್ಕಮ್ಮ ಜಾಕ್ ಹಾಕಿ, ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ತಲೆಯೆತ್ತಿದರೆ ಎದುರಿಗೆ ಅತ್ತೆ, ಕೈಯಲ್ಲಿ ಬಟ್ಟೆ ತುಂಬಿದ ಬ್ಯಾಗು.

“ದೊಡ್ಡವನಿಗೆ ಫೋನ್ ಮಾಡಿದ್ದೀನಿ. ಬಂದು ಕರ್ಕೊಂಡು ಹೋಗ್ತಾನೆ. ನನಗೆ ಗಾಳಿ ಬಿಡಿಸೋ ಕಷ್ಟ ನಿನಗ್ಯಾಕೆ?”

ಚಿಕ್ಕಮ್ಮನ ಮುಖ ಸಪ್ಪಗಾಯಿತು. ಹಗಲೆಲ್ಲ ಕಂಡಕಂಡವರ ಮಾತು ಸಹಿಸಿಕೊಂಡು ಮನೆಗೆ ಬಂದರೆ, ಮನಸಾರೆ ಜಗಳವಾಡಲು ಅವಳಿಗಿದ್ದವರು ಅತ್ತೆ ಒಬ್ಬರೇ. ಅವರಿಲ್ಲದ ಮನೆ ಅವಳಿಗೆ ಬೇಕಿರಲಿಲ್ಲ.

“ಅಯ್ಯೋ ಅತ್ತೆ, ಅದು ಕಾರಿಗೆ ಅಂದಿದ್ದು!”

“ಕಾರಿಗೆ ಯಾರಾದ್ರೂ ಮುದುಕಿ ಅಂತಾರೇನೇ? ಕಿವಿಗೆ ಹೂ ಇಡ್ಬೇಡ.”

“ನಂಬಿಕೆ ಇಲ್ದಿದ್ರೆ ನೀವೇ ಕೂತು ತಿರುಗ್ಸಿ ನೋಡಿ.”

ಅತ್ತೆ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡೇ ಸ್ಟೀರಿಂಗ್ ಮುಂದೆ ಕೂತರು. ಚಿಕ್ಕಮ್ಮ ಬಾನೆಟ್ ಎತ್ತಿ ಒಳಗಿದ್ದ ಸ್ಟೀರಿಂಗ್ ಎಣ್ಣೆಯ ಡಬ್ಬಿಯ ಮೇಲೆ ಬಗ್ಗಿದಳು. ಎಂಜಿನ್ ಆಫ್ ಇತ್ತು.

“ಎಡಕ್ಕೆ ಪೂರ್ತಿ, ನಿಧಾನಕ್ಕೆ. ಈಗ ಬಲಕ್ಕೆ. ಕೊನೆ ಸಿಕ್ತು ಅಂತ ಅಲ್ಲೇ ಬಿಗಿಯಾಗಿ ಹಿಡ್ಕೋಬೇಡಿ, ಬಿಟ್ಬಿಡಿ ಅತ್ತೆ.”

ಹಿಡಿದದ್ದನ್ನು ಬಿಟ್ಟೇ ಗೊತ್ತಿಲ್ಲದ ಜೀವ ಅದು. ಬೈದುಕೊಂಡೇ ಬಿಟ್ಟರು. ಸೇರಿಕೊಂಡಿದ್ದ ಗಾಳಿ ಡಬ್ಬಿಯಲ್ಲಿ ಗುಳ್ಳೆಗಳಾಗಿ ಗುಳುಗುಳು ಎಂದು ಮೇಲೆದ್ದಿತು. ಎಣ್ಣೆ ಇಳಿದ ಹಾಗೆಲ್ಲ ಚಿಕ್ಕಮ್ಮ ಸುರಿಯುತ್ತ ಹೋದಳು. ಗುಳ್ಳೆ ನಿಂತ ಮೇಲೆ ಎಂಜಿನ್ ಹಾಕಿಸಿ ಮತ್ತೆ ಎಡ, ಮತ್ತೆ ಬಲ. ನರಳಾಟ ಕಡಿಮೆಯಾಗುತ್ತ ಬಂದು ಪೂರಾ ನಿಂತಿತು. ಚಿಕ್ಕಮ್ಮ ಎಂಜಿನ್ ಆಫ್ ಮಾಡಿಸಿದಳು. ಗೇಟಿನ ಬಳಿಯಿದ್ದ ನಾನು ಚಪ್ಪಾಳೆ ತಟ್ಟಿ ಇಬ್ಬರಿಂದಲೂ ಬೈಸಿಕೊಂಡೆ.

ಅತ್ತೆ ಇಳಿಯಲಿಲ್ಲ.

“ಕಾರಿಗೇ ಅಂದಿದ್ದು, ಒಪ್ಕೊಂಡೆ ಕಣೇ. ಆದ್ರೆ ಕಿವಿಗೆ ಬಿದ್ದಾಗ ಒಂದು ಮಾತೂ ಸುಳ್ಳು ಅನಿಸ್ಲಿಲ್ಲ. ಗೋಳು, ನರಳೋದು, ಎಲ್ಲಾ ನನ್ನದೇ. ಅದಕ್ಕೇ ಹೊರಟೆ.”

ಚಿಕ್ಕಮ್ಮ ಎಣ್ಣೆಗೈಯಲ್ಲೇ ಕಾರಿನ ಬಾಗಿಲು ಹಿಡಿದುಕೊಂಡಳು.

“ಹೋಗ್ಬೇಡಿ ಅತ್ತೆ.”

“ಹೋಗ್ಬೇಡಿ ಅಂತೆ! ನನ್ನನ್ನ ಎತ್ತಿ ಗಾಳೀಲಿ ನಿಲ್ಸಿದ್ದೀಯ, ಎಲ್ಲಿಗೇ ಹೋಗ್ಲಿ? ಮೊದ್ಲು ಕೆಳಗಿಳ್ಸು. ಆಮೇಲೆ ದೊಡ್ಡವನಿಗೆ ಬರ್ಬೇಡ ಅಂತ ಹೇಳು.”